ಪಂಪು, ಕಪ್ಪೆ ಮತ್ತು ಹದಿನೆಂಟು ಹೋಲು: ಶಾರ್ಪ್ ಪಾರ್ಕ್ ಗಾಲ್ಫ್ ಮೈದಾನದ ಪ್ರಕರಣ

ಶಾರ್ಪ್ ಪಾರ್ಕ್‌ನಲ್ಲಿ ಗಾಲ್ಫ್ ಉಳಿಯಬೇಕೋ ಕಪ್ಪೆ ಉಳಿಯಬೇಕೋ ಅಂತ ನಡೆದ ಜಗಳ ಅರ್ಥವಾಗಬೇಕಾದರೆ ಮೊದಲು ಅಲ್ಲಿನ ಪಂಪು ಏನು ಮಾಡುತ್ತದೆ ಅಂತ ತಿಳಿಯಬೇಕು. ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ, ಪೆಸಿಫಿಕಾ ಎಂಬ ಊರಿದೆ. ಆ ಊರಿನ ಅಂಚಿನಲ್ಲೇ ಈ ಗಾಲ್ಫ್ ಮೈದಾನ. ಅದರ ದಕ್ಷಿಣದ ತುದಿಯಲ್ಲಿ ಹಾರ್ಸ್ ಸ್ಟೇಬಲ್ ಪಾಂಡ್ ಎಂಬ ಚಿಕ್ಕ ಕೊಳ, ಕೊಳದ ದಡದಲ್ಲಿ ಪಂಪ್ ಹೌಸ್. ಮಳೆ ಬಂದು ನೀರು ಏರಿದಾಗ ಪಂಪು ಅದನ್ನು ಎತ್ತಿ ಪೆಸಿಫಿಕ್ ಸಾಗರಕ್ಕೆ ಹಾಕುತ್ತದೆ. ಹಾಕದಿದ್ದರೆ ಫೇರ್‌ವೇ, ಅಂದರೆ ಚೆಂಡು ಹೊಡೆದುಕೊಂಡು ಹೋಗುವ ಹುಲ್ಲಿನ ಹಾದಿಯ ಮೇಲೆ ನೀರು ನಿಲ್ಲುತ್ತದೆ, ಆಟ ನಿಂತುಹೋಗುತ್ತದೆ. ಹಾಕಿದರೆ ಕೊಳದ ನೀರಿನ ಮಟ್ಟ ಇಳಿಯುತ್ತದೆ. ತೊಂದರೆ ಇರುವುದು ಅಲ್ಲೇ.

ಅಲ್ಲಿ ಮಳೆ ಬೀಳುವುದು ನವೆಂಬರ್‌ನಿಂದ ಮಾರ್ಚ್-ಏಪ್ರಿಲ್ ತನಕ. ಕ್ಯಾಲಿಫೋರ್ನಿಯಾದ ಕೆಂಪುಗಾಲಿನ ಕಪ್ಪೆ ಮೊಟ್ಟೆ ಇಡುವುದೂ ಅದೇ ತಿಂಗಳುಗಳಲ್ಲಿ. ಹೆಣ್ಣು ಕಪ್ಪೆ ವರ್ಷಕ್ಕೊಮ್ಮೆ, ಸಾವಿರಾರು ಮೊಟ್ಟೆಗಳ ಒಂದು ಮುದ್ದೆ ಇಡುತ್ತದೆ. ಮುದ್ದೆಯನ್ನು ನೀರಿನ ಮೇಲ್ಮಟ್ಟಕ್ಕೆ ಹತ್ತಿರ, ಜೊಂಡಿನ ಕಡ್ಡಿಗೆ ಅಂಟಿಸಿ ಹೋಗುತ್ತದೆ. ಮರಿ ಹೊರಬರಲು ಒಂದೆರಡು ವಾರ ಬೇಕು. ಅಷ್ಟರೊಳಗೆ ನೀರು ಒಂದು ಗೇಣು ಇಳಿದರೂ ಸಾಕು. ಮುದ್ದೆ ಕಡ್ಡಿಯಲ್ಲೇ ನೇತಾಡುತ್ತಾ ಗಾಳಿಗೆ ಒಣಗುತ್ತದೆ. ಆ ಕಪ್ಪೆಯ ಇಡೀ ವರ್ಷದ ಸಂತಾನ ಹಾಗೆ ಹೋಗುತ್ತದೆ. ಇದನ್ನು ಯಾರೂ ಬೇಕಂತ ಮಾಡುತ್ತಿರಲಿಲ್ಲ. ಮೈದಾನ ಒಣಗಿಸುವುದು ಕೆಲಸದವರ ಕರ್ತವ್ಯ, ಅವರು ಸ್ವಿಚ್ ಹಾಕುತ್ತಿದ್ದರು ಅಷ್ಟೇ.

ನಮ್ಮ ಕೆರೆಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು ಅನ್ನುವುದೆಲ್ಲ ಅವನ ಕೈಯಲ್ಲಿ. ಶಾರ್ಪ್ ಪಾರ್ಕ್‌ನ ಪಂಪು ನಡೆಸುವವರದ್ದೂ ಅಂಥದ್ದೇ ಕೆಲಸ. ಒಂದೇ ವ್ಯತ್ಯಾಸ: ನೀರುಗಂಟಿಗೆ ತನ್ನ ನೀರನ್ನು ನಂಬಿದವರು ಯಾರು ಅಂತ ಗೊತ್ತಿರುತ್ತಿತ್ತು. ಇಲ್ಲಿ ಬಹಳ ವರ್ಷ ಆ ಲೆಕ್ಕದಲ್ಲಿ ಕಪ್ಪೆ ಇರಲೇ ಇಲ್ಲ.

ಈ ಪ್ರಕರಣವನ್ನು ನಾನು ಆರಿಸಿಕೊಂಡಿದ್ದೂ ಅದಕ್ಕೇ. ಗಾಲ್ಫ್ ಮೈದಾನ ಮತ್ತು ಪರಿಸರದ ಬಗ್ಗೆ ಮಾತು ಬಂದರೆ ಸಾಮಾನ್ಯವಾಗಿ ಎರಡೇ ಥರ ಕೇಳಿಸುತ್ತದೆ. ಗಾಲ್ಫ್ ಅಂದರೆ ನೀರು ಮತ್ತು ಔಷಧಿ ಸುರಿಯುವ ಶ್ರೀಮಂತರ ಹುಲ್ಲುಗಾವಲು ಅಂತ ಒಂದು ಕಡೆಯವರು. ಹಸಿರಿದ್ದ ಮೇಲೆ ಪರಿಸರ ಚೆನ್ನಾಗಿಯೇ ಇದೆ ಅಂತ ಇನ್ನೊಂದು ಕಡೆಯವರು. ಶಾರ್ಪ್ ಪಾರ್ಕ್‌ನಲ್ಲಿ ಎರಡೂ ಮಾತು ನಿಲ್ಲುವುದಿಲ್ಲ. ಅಲ್ಲಿ ಕಪ್ಪೆ ಉಳಿದದ್ದು ದೊಡ್ಡ ಯೋಜನೆಯಿಂದಲ್ಲ, ದಿನನಿತ್ಯದ ಕೆಲಸದ ನಿಯಮಗಳು ಬದಲಾದದ್ದರಿಂದ. ಆದರೆ ಆ ನಿಯಮಗಳಿಂದ ಆಗದ ಕೆಲಸವೂ ಒಂದಿದೆ. ಅದನ್ನು ನಗರ ಇನ್ನೂ ಕೈಗೆತ್ತಿಕೊಂಡಿಲ್ಲ ಅನ್ನುವುದೇ ನನ್ನ ದೂರು.

ಜಾಗದ ಕಥೆ

ಪೆಸಿಫಿಕಾದಲ್ಲಿದ್ದರೂ ಜಾಗದ ಒಡೆತನ ಸ್ಯಾನ್ ಫ್ರಾನ್ಸಿಸ್ಕೋ ನಗರದ್ದು. 1917ರಲ್ಲಿ ಹೊನೋರಾ ಶಾರ್ಪ್ ಅವರ ಆಸ್ತಿಯಿಂದ ದಾನವಾಗಿ ಬಂದದ್ದು. ಸಾರ್ವಜನಿಕ ಉದ್ಯಾನ ಅಥವಾ ಆಟದ ಮೈದಾನವಾಗಿಯೇ ಬಳಸಬೇಕು ಅನ್ನುವುದು ದಾನದ ಷರತ್ತು. ಈ ಷರತ್ತು ಮುಂದೆ ಪ್ರತಿ ವಾದದಲ್ಲೂ ತಲೆ ಎತ್ತಿದೆ. ಉದ್ಯಾನ ಅಂದರೆ ಏನು, ಆಟ ಅಂದರೆ ಏನು ಅಂತ ಎರಡೂ ಕಡೆಯವರು ತಮಗೆ ಬೇಕಾದಂತೆ ಹೇಳಿಕೊಂಡಿದ್ದಾರೆ.

ಗಾಲ್ಫ್ ಬರುವ ಮೊದಲು ಆ ಕಣಿವೆಯಲ್ಲಿ ಆರ್ಟಿಚೋಕ್ ಎಂಬ ತರಕಾರಿ ಬೆಳೆಯುತ್ತಿದ್ದರು. ಕಡಲಿಗೆ ತಾಗಿದಂತೆ ಲಗೂನಾ ಸಲಾಡಾ ಎಂಬ ಹಿನ್ನೀರು ಇತ್ತು. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ಉಪ್ಪಿನ ಕೊಳ. ಮರಳಿನ ದಿಬ್ಬವೊಂದು ಕಡಲನ್ನೂ ಹಿನ್ನೀರನ್ನೂ ಬೇರೆ ಮಾಡಿತ್ತು. ದೊಡ್ಡ ಬಿರುಗಾಳಿ ಬಂದಾಗ ಅಲೆ ದಿಬ್ಬ ಹಾರಿ ಒಳಗೆ ಬರುತ್ತಿತ್ತು. ಮಳೆಯಲ್ಲಿ ಸ್ಯಾಂಚೆಜ್ ತೊರೆ ಸಿಹಿನೀರು ತರುತ್ತಿತ್ತು. ನಮ್ಮ ಕರಾವಳಿಯವರಿಗೆ ಇಂಥ ಜಾಗ ಹೊಸತೇನಲ್ಲ. ಉಪ್ಪು, ಸಿಹಿ ಎರಡೂ ಬೆರೆತು ಋತುವಿಗೆ ತಕ್ಕಂತೆ ಬದಲಾಗುತ್ತಾ ಇರುವ ನೀರು.

1932ರಲ್ಲಿ ಅಲ್ಲಿ ಹದಿನೆಂಟು ಹೋಲಿನ ಮೈದಾನ ತೆರೆಯಿತು. ಹೋಲು ಅಂದರೆ ಚೆಂಡು ಬೀಳಿಸುವ ಕುಳಿ, ಅದಕ್ಕೆ ಹೋಗುವ ಹುಲ್ಲಿನ ಹಾದಿಯೂ ಸೇರಿ. ವಿನ್ಯಾಸ ಮಾಡಿದವರು ಅಲಿಸ್ಟರ್ ಮೆಕೆಂಜಿ. ಗಾಲ್ಫ್ ಬಲ್ಲವರಿಗೆ ಈ ಹೆಸರು ಸಾಕು. ಸೈಪ್ರೆಸ್ ಪಾಯಿಂಟ್ ಅವರದ್ದು. ಆಗಸ್ಟಾ ನ್ಯಾಷನಲ್ ಅನ್ನು ಬಾಬಿ ಜೋನ್ಸ್ ಜೊತೆ ಸೇರಿ ಮಾಡಿದವರೂ ಅವರೇ. ಅವರ ಹೆಸರಾಂತ ಮೈದಾನಗಳಲ್ಲಿ ಬಹಳಷ್ಟು ಖಾಸಗಿ ಕ್ಲಬ್ಬುಗಳ ಕೈಯಲ್ಲಿವೆ, ಒಳಗೆ ಹೋಗುವುದೇ ಕಷ್ಟ. ಶಾರ್ಪ್ ಪಾರ್ಕ್‌ನಲ್ಲಿ ಮಾತ್ರ ಯಾರು ಬೇಕಾದರೂ ಕಡಿಮೆ ದುಡ್ಡು ಕೊಟ್ಟು ಆಡಬಹುದು. ಅದಕ್ಕೇ ಅಲ್ಲಿನವರು ಅದನ್ನು ಬಡವರ ಪೆಬಲ್ ಬೀಚ್ ಅನ್ನುತ್ತಾರೆ. ಪೆಬಲ್ ಬೀಚ್ ಅದೇ ಕರಾವಳಿಯ ಹೆಸರಾಂತ ದುಬಾರಿ ಮೈದಾನ. ನಿವೃತ್ತರು, ದಿನಗೂಲಿಯವರು, ಶಾಲೆಯ ಹುಡುಗರು ಆಡುವ ಮೈದಾನ ಅದು. ಮೈದಾನ ಮುಚ್ಚಬೇಕು ಅನ್ನುವವರು ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು ಅಂತ ನನಗೆ ಅನಿಸುತ್ತದೆ.

ಆದರೆ ಮೆಕೆಂಜಿ ಕೆಲವು ಹೋಲುಗಳನ್ನು ಕಡಲಿಗೆ ತೀರಾ ಹತ್ತಿರ ಇಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಬಿರುಗಾಳಿಗಳು ಅವನ್ನು ಹಾಳು ಮಾಡಿದವು. ಆಗ ನಗರ ಎರಡು ಕೆಲಸ ಮಾಡಿತು. ಒಂದು, 1941ರ ಹೊತ್ತಿಗೆ ಕಡಲಿನ ಉದ್ದಕ್ಕೂ ಮಣ್ಣಿನ ತಡೆಗೋಡೆ ಎಬ್ಬಿಸಿತು. ಇನ್ನೊಂದು, ಕೆಲವು ಹೋಲುಗಳನ್ನು ಹೆದ್ದಾರಿಯ ಆಚೆ, ಗುಡ್ಡದ ಕಡೆಗೆ ಹೊಸದಾಗಿ ಮಾಡಿತು. ಇವತ್ತಿನ ಮೈದಾನದಲ್ಲಿ ಮೆಕೆಂಜಿಯದ್ದೂ ಇದೆ, ಆಮೇಲಿನವರದ್ದೂ ಇದೆ.

ಗೋಡೆ ಬಂದದ್ದು ಎಲ್ಲವನ್ನೂ ಬದಲಿಸಿತು. ಅಲೆ ಒಳಗೆ ಬರುವುದು ನಿಂತಿತು. ಮಳೆನೀರು ತಾನಾಗಿ ಹೊರಗೆ ಹೋಗುವ ದಾರಿಯೂ ಮುಚ್ಚಿತು. ಉಪ್ಪಿನ ಕೊಳ ನಿಧಾನವಾಗಿ ಸಿಹಿನೀರಿನ ಜೌಗು ಆಯಿತು. ಜೊಂಡು ಹಬ್ಬಿತು. ಕಪ್ಪೆಗೆ ಅದು ಒಗ್ಗಿತು. ಕಪ್ಪೆಯನ್ನು ತಿನ್ನುವ ಹಾವಿಗೂ ಒಗ್ಗಿತು. ಮನುಷ್ಯರು ಗಾಲ್ಫ್‌ಗಾಗಿ ಕಟ್ಟಿದ ಗೋಡೆಯ ಒಳಗೆ ಎರಡು ಅಪರೂಪದ ಜೀವಿಗಳು ನೆಲೆ ಕಂಡವು. ಈ ಪ್ರಕರಣ ಜಟಿಲವಾದದ್ದು ಇಲ್ಲಿಂದಲೇ.

ಕಪ್ಪೆ ಮತ್ತು ಹಾವು

ಕೆಂಪುಗಾಲಿನ ಕಪ್ಪೆ ಅಮೆರಿಕದ ಪಶ್ಚಿಮ ಭಾಗದ ಅತಿ ದೊಡ್ಡ ದೇಸಿ ಕಪ್ಪೆ. ಚಿನ್ನದ ಹುಡುಕಾಟದ ಕಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಜನ ನುಗ್ಗಿದರಲ್ಲ, ಆಗ ಕಪ್ಪೆಕಾಲಿಗೆ ಭಾರೀ ಬೇಡಿಕೆ ಬಂತು. ಹಿಡಿದು ತಿಂದು ಮುಗಿಸಿದರು. ದೇಸಿ ಕಪ್ಪೆ ಸಾಲದಾದಾಗ ಪೂರ್ವ ಭಾಗದಿಂದ ಬುಲ್‌ಫ್ರಾಗ್ ಎಂಬ ಇನ್ನೂ ದೊಡ್ಡ ಕಪ್ಪೆ ತಂದು ಬಿಟ್ಟರು. ಅದು ಇದ್ದಬದ್ದ ದೇಸಿ ಕಪ್ಪೆಗಳನ್ನೂ ತಿನ್ನತೊಡಗಿತು. ಜೌಗು ಪ್ರದೇಶಗಳು ಹೊಲ ಆದವು, ಊರು ಆದವು. 1996ರಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರ ಈ ಕಪ್ಪೆಯನ್ನು ಅಪಾಯದಲ್ಲಿರುವ ಜೀವಿ ಅಂತ ಪಟ್ಟಿಗೆ ಸೇರಿಸಿತು. 2014ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ರಾಜ್ಯದ ಉಭಯಚರ ಅಂತ ಗೊತ್ತುಮಾಡಿತು.

ಹಾವಿನ ಸ್ಥಿತಿ ಇನ್ನೂ ಬಿಗಿ. ಸ್ಯಾನ್ ಫ್ರಾನ್ಸಿಸ್ಕೋ ಗಾರ್ಟರ್ ಹಾವು ಅಂತ ಹೆಸರು. ತೆಳ್ಳಗಿನ, ವಿಷದ ಭಯವಿಲ್ಲದ ಹಾವು. ಬೆನ್ನಿನ ಮೇಲೆ ತಿಳಿ ಹಸಿರು-ಹಳದಿ ಪಟ್ಟಿ, ಅದರ ಅಕ್ಕಪಕ್ಕ ಕಪ್ಪು ಮತ್ತು ಕೆಂಪು ಪಟ್ಟಿ, ಹೊಟ್ಟೆಯ ಕಡೆ ನೀಲಿ-ಹಸಿರು. ಫೋಟೋ ನೋಡಿದವರು ಒಮ್ಮೆ ನಿಂತು ಮತ್ತೆ ನೋಡುತ್ತಾರೆ. ಅದು 1967ರಿಂದಲೇ ಅಳಿವಿನಂಚಿನ ಪಟ್ಟಿಯಲ್ಲಿದೆ. ಹೆಚ್ಚುಕಡಿಮೆ ಪೆಸಿಫಿಕಾ ಇರುವ ಸ್ಯಾನ್ ಮಟೇಯೊ ಕೌಂಟಿ (ಜಿಲ್ಲೆ) ಒಂದರಲ್ಲೇ ಕಾಣುವ ಹಾವು. ಗೊತ್ತಿರುವ ಅತಿ ದೊಡ್ಡ ಗುಂಪು ಇರುವುದು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಸೇರಿದ ಜಾಗದಲ್ಲಿ! ಕಾಡಿನಲ್ಲಲ್ಲ, ನಿಲ್ದಾಣದ ಎದುರಿನ ಹೆದ್ದಾರಿಯಾಚೆ. ಹಾಗಾಗಿ ಗಾಲ್ಫ್ ಮೈದಾನದಲ್ಲಿ ಹಾವಿಗೇನು ಕೆಲಸ ಅಂತ ಯಾರೂ ಕೇಳುವಂತಿಲ್ಲ.

ಈ ಹಾವಿಗೆ ಮೂರು ಬೇಕು. ತಿನ್ನಲು ಕಪ್ಪೆ ಸಿಗುವ ನೀರು. ಅಡಗಲು ದಟ್ಟ ಹುಲ್ಲು, ಪೊದೆ, ಗೋಫರ್ ಎಂಬ ಇಲಿಯಂಥ ಪ್ರಾಣಿಗಳು ತೋಡಿದ ಬಿಲ. ಮೈ ಕಾಯಿಸಲು ಬಿಸಿಲು ಬೀಳುವ ಬಯಲು. ಮೂರನೆಯದ್ದಕ್ಕಾಗಿ ಅದು ಹುಲ್ಲಿನ ಮೇಲೆ ಬಂದು ಮಲಗುತ್ತದೆ. ಆಗಲೇ ಹುಲ್ಲು ಕತ್ತರಿಸುವ ಯಂತ್ರ ಬಂದರೆ? 2005ರಲ್ಲಿ ಒಂದು ಹಾವು ಮೈದಾನದಲ್ಲಿ ಸತ್ತು ಸಿಕ್ಕಿತು. ಯಂತ್ರಕ್ಕೆ ಸಿಕ್ಕಿದ ಹಾಗೆ ಕಾಣುತ್ತಿತ್ತು. ಕಪ್ಪೆ ಮೊಟ್ಟೆ ಒಣಗಿದ ಸುದ್ದಿ ಅದಕ್ಕೂ ಮೊದಲೇ ಬಂದಿತ್ತು. ಫೆಡರಲ್ ಮೀನು ಮತ್ತು ವನ್ಯಜೀವಿ ಇಲಾಖೆ ನಗರಕ್ಕೆ ಎಚ್ಚರಿಕೆ ಕೊಟ್ಟಿತು.

ಹದಿನೆಂಟೋ, ಒಂಬತ್ತೋ, ಸೊನ್ನೆಯೋ

2009ರಲ್ಲಿ ನಗರದ ಆಡಳಿತ ಮಂಡಳಿ ಉದ್ಯಾನ ಇಲಾಖೆಗೆ ಕೇಳಿತು: ಈ ಜಾಗವನ್ನು ಏನು ಮಾಡಬಹುದು, ಲೆಕ್ಕ ಹಾಕಿ ಕೊಡಿ. ಸಲಹೆಗಾರರು ಮೂರು ದಾರಿ ಬರೆದರು. ಹದಿನೆಂಟು ಹೋಲನ್ನೂ ಉಳಿಸಿಕೊಂಡು ಹಿನ್ನೀರನ್ನು ಸುಧಾರಿಸುವುದು. ಒಂಬತ್ತು ಹೋಲಿಗೆ ಇಳಿಸಿ, ಉಳಿದ ಜಾಗವನ್ನು ಜೌಗಿಗೆ ಬಿಡುವುದು. ಗಾಲ್ಫ್ ಪೂರ್ತಿ ನಿಲ್ಲಿಸುವುದು. ವರದಿ ಮೊದಲನೆಯದಕ್ಕೆ ಒಲಿಯಿತು, ಇಲಾಖೆಯೂ ಅದನ್ನೇ ಹಿಡಿಯಿತು. ಹಿನ್ನೀರಿನ ಅಂಚಿನ ಜಾಗ ಸ್ವಲ್ಪ ಹೆಚ್ಚಿಸುವುದು, ತುಂಬಿದ ಹೂಳು-ಜೊಂಡು ತೆಗೆಯುವುದು, ಹಾವಿಗೆ ಓಡಾಡುವ ದಾರಿ ಮಾಡುವುದು, ತಗ್ಗಿನ ಫೇರ್‌ವೇಗಳನ್ನು ಎತ್ತರಿಸುವುದು. ಆಟವೂ ಉಳಿಯುತ್ತದೆ, ಕಪ್ಪೆಯೂ ಉಳಿಯುತ್ತದೆ.

ಪರಿಸರ ಸಂಘಟನೆಗಳು ಒಪ್ಪಲಿಲ್ಲ. ಅವರೂ ಜಲಶಾಸ್ತ್ರ, ಸಸ್ಯಶಾಸ್ತ್ರ ಬಲ್ಲವರಿಂದ 2011ರಲ್ಲಿ ಬೇರೆ ವರದಿ ಮಾಡಿಸಿದರು. ಅದರ ತಿರುಳು ಇಷ್ಟು: ಕಡಲ ಗೋಡೆ ಶಾಶ್ವತ ಅಲ್ಲ. ಅದನ್ನು ಪದೇ ಪದೇ ಬಲಪಡಿಸುವ ಬದಲು ಮರಳು ದಿಬ್ಬ ಮತ್ತೆ ತಾನಾಗಿ ಕಟ್ಟಿಕೊಳ್ಳಲು ಬಿಡಿ. ಹಿನ್ನೀರು ಪೂರ್ವಕ್ಕೆ, ಅಂದರೆ ಈಗ ಫೇರ್‌ವೇ ಇರುವ ಕಡೆಗೆ ಸರಿಯಲಿ. ಸಮುದ್ರ ಮಟ್ಟ ಏರಿದ ಹಾಗೆ ಜೌಗೂ ಹಿಂದೆ ಸರಿಯಲು ಜಾಗ ಬೇಕು, ಆ ಜಾಗವನ್ನು ಗಾಲ್ಫ್ ಹಿಡಿದುಕೊಂಡಿದೆ.

ಇಲ್ಲಿ ಉಪ್ಪಿನ ಪ್ರಶ್ನೆ ಎದ್ದಿತು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಇದೇ. ಕಡಲ ನೀರಿನಲ್ಲಿ ಒಂದು ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪಿರುತ್ತದೆ. ಈ ಕಪ್ಪೆಯ ಮೊಟ್ಟೆ 4.5 ದಾಟಿದರೆ ಬದುಕುವುದಿಲ್ಲ. ಗೊದಮೊಟ್ಟೆಗಳು 7ರ ತನಕ ತಡೆಯುತ್ತವೆ, ಆಚೆಗೆ ಇಲ್ಲ. ಅಂದರೆ ಮೊಟ್ಟೆಯ ಕಾಲದಲ್ಲಿ ಗೋಡೆ ಒಡೆದು ಕಡಲು ಒಳಗೆ ಬಂದರೆ ಆ ವರ್ಷದ ಸಂತಾನ ಹೋದ ಹಾಗೆಯೇ. ಗಾಲ್ಫ್ ಪರವಾದವರು ಇದನ್ನು ಗಟ್ಟಿಯಾಗಿ ಹಿಡಿದರು. ಗೋಡೆ ತೆಗೆದರೆ ನೀವು ಉಳಿಸಲು ಹೊರಟ ಕಪ್ಪೆಯೇ ಸಾಯುತ್ತದಲ್ಲ ಅಂದರು. ಮಾತು ಸುಳ್ಳಲ್ಲ.

ಆದರೆ ಪೂರ್ತಿ ನಿಜವೂ ಅಲ್ಲ. ಮೊದಲೂ ಕಡಲು ಒಳಗೆ ಬರುತ್ತಿತ್ತು, ಈ ಕರಾವಳಿಯ ಹಿನ್ನೀರುಗಳಲ್ಲಿ ಕಪ್ಪೆ ಆಗಲೂ ಬದುಕಿತ್ತು. ಹೇಗೆ? ಹಿನ್ನೀರಿನ ಮೇಲ್ತುದಿಯಲ್ಲಿ, ತೊರೆ ಸೇರುವ ಕಡೆ, ಸಿಹಿನೀರಿನ ಕೊಳಗಳಲ್ಲಿ ಮೊಟ್ಟೆ ಇಡಲು ಜಾಗ ಇತ್ತು. ಈಗ ಆ ಮೇಲ್ತುದಿಯಲ್ಲಿ ಕತ್ತರಿಸಿದ ಹುಲ್ಲಿದೆ, ಅದರಾಚೆ ಹೆದ್ದಾರಿ ಇದೆ. ಅಂದರೆ ಗೋಡೆ ಇರಬೇಕೋ ಬೇಡವೋ ಅಂತ ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಗೋಡೆ ಸೋಲುವ ದಿನಕ್ಕೆ ಮೊದಲು ಮೇಲೆ ಸಿಹಿನೀರಿನ ಕೊಳಗಳು ತಯಾರಿರಬೇಕೋ ಬೇಡವೋ ಅನ್ನುವುದು ಉಳಿದ ಅರ್ಧ.

ಕೋರ್ಟು, ಮೇಯರ್, ಪರವಾನಗಿ

2011ರ ಮಾರ್ಚ್‌ನಲ್ಲಿ ವೈಲ್ಡ್ ಇಕ್ವಿಟಿ ಇನ್‌ಸ್ಟಿಟ್ಯೂಟ್ ಮತ್ತು ಬೇರೆ ಪರಿಸರ ಸಂಘಟನೆಗಳು ಸೇರಿ ನಗರದ ಮೇಲೆ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದವು. ಸಿಯೆರಾ ಕ್ಲಬ್, ಸೆಂಟರ್ ಫಾರ್ ಬಯಾಲಾಜಿಕಲ್ ಡೈವರ್ಸಿಟಿ ಅವುಗಳಲ್ಲಿದ್ದವು. ವಾದ ಸರಳ. 1973ರ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಜೀವಿಯನ್ನು ಕೊಲ್ಲುವಂತಿಲ್ಲ, ಗಾಯ ಮಾಡುವಂತಿಲ್ಲ. ಬೇರೆ ಕೆಲಸ ಮಾಡುವಾಗ ಅಕಸ್ಮಾತ್ ಹಾಗಾಗುವ ಸಂಭವ ಇದ್ದರೆ ಮೊದಲೇ ಅನುಮತಿ ಪಡೆಯಬೇಕು. ನಗರದ ಹತ್ತಿರ ಆ ಅನುಮತಿ ಇಲ್ಲ. ಹಾಗಾಗಿ ಪಂಪು ನಿಲ್ಲಿಸಿ, ಯಂತ್ರ ನಿಲ್ಲಿಸಿ.

ನ್ಯಾಯಾಧೀಶೆ ಸೂಸನ್ ಇಲ್‌ಸ್ಟನ್ ಆ ವರ್ಷದ ನವೆಂಬರ್‌ನಲ್ಲಿ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಕಪ್ಪೆಗಳ ಸಂತತಿಗೆ ಸರಿಪಡಿಸಲಾಗದ ಹಾನಿ ಆಗುತ್ತಿದೆ ಅಂತ ಸಾಬೀತಾಗಲಿಲ್ಲ. ಅಲ್ಲಿ ಕಪ್ಪೆಯ ಸಂಖ್ಯೆ ಕಾಲಕ್ರಮದಲ್ಲಿ ಹೆಚ್ಚಿರುವ ಹಾಗೆ ಕಾಣುತ್ತದೆ ಅನ್ನುವ ಸಾಕ್ಷ್ಯ ಎದುರಿಗಿತ್ತು. ಒಂದೊಂದು ಮೊಟ್ಟೆಯ ಮುದ್ದೆ ಒಣಗುವುದು ಬೇರೆ, ಇಡೀ ಗುಂಪು ಅಳಿಯುವುದು ಬೇರೆ. ಕಾನೂನಿನ ಕಣ್ಣಿಗೆ ಎರಡೂ ಲೆಕ್ಕಕ್ಕೆ ಬರುತ್ತವೆ, ಆದರೆ ತಕ್ಷಣ ತಡೆಯಾಜ್ಞೆ ಬೇಕು ಅಂದರೆ ತಕ್ಕಡಿ ಬೇರೆ.

ಅದೇ ಡಿಸೆಂಬರ್‌ನಲ್ಲಿ ರಾಜಕೀಯ ಕಣದಲ್ಲಿ ಇನ್ನೊಂದು ತಿರುವು ಬಂತು. ಜಾಗದ ನಿರ್ವಹಣೆಯನ್ನು ರಾಷ್ಟ್ರೀಯ ಉದ್ಯಾನ ಸೇವೆಗೆ ಕೊಡುವ ದಾರಿ ತೆರೆಯುವ ಮಸೂದೆಯನ್ನು ಆಡಳಿತ ಮಂಡಳಿ ತೀರಾ ಕಡಿಮೆ ಅಂತರದಲ್ಲಿ ಪಾಸು ಮಾಡಿತು. ಮೇಯರ್ ಎಡ್ ಲೀ ಅದನ್ನು ವೀಟೊ ಮಾಡಿದರು. ಗಾಲ್ಫ್ ಉಳಿಯಿತು.

2012ರಲ್ಲಿ ನಗರ ಅನುಮತಿಯ ದಾರಿ ಹಿಡಿಯಿತು. ಪಂಪ್ ಹೌಸ್ ರಿಪೇರಿ, ಹಿನ್ನೀರನ್ನೂ ಕೊಳವನ್ನೂ ಸೇರಿಸುವ ಕಾಲುವೆಯ ಹೂಳು ತೆಗೆಯುವುದು, ಕಪ್ಪೆಗೆ ಹೊಸ ಕೊಳ ತೋಡುವುದು ಎಲ್ಲ ಸೇರಿಸಿ ಒಂದು ಯೋಜನೆ ಮಾಡಿತು. ಜೌಗಿನಲ್ಲಿ ಕೆಲಸ ಆದ್ದರಿಂದ ಸೇನೆಯ ಎಂಜಿನಿಯರಿಂಗ್ ದಳದ ಪರವಾನಗಿ ಬೇಕು. ಅದು ಫೆಡರಲ್ ಸಂಸ್ಥೆ. ಫೆಡರಲ್ ಸಂಸ್ಥೆ ಪರವಾನಗಿ ಕೊಡುವ ಮೊದಲು ವನ್ಯಜೀವಿ ಇಲಾಖೆಯನ್ನು ಕೇಳಲೇಬೇಕು. ಹೀಗೆ ಇಲಾಖೆ ಅಕ್ಟೋಬರ್‌ನಲ್ಲಿ ವಿವರವಾದ ಅಭಿಪ್ರಾಯ ಕೊಟ್ಟಿತು. ಕೆಲಸದ ಜೊತೆಗೆ ಮೈದಾನದ ದಿನನಿತ್ಯದ ನಿರ್ವಹಣೆಯನ್ನೂ ಅದು ಒಳಗೊಂಡಿತ್ತು. ಇಂತಿಂಥ ಷರತ್ತು ಪಾಲಿಸಿದರೆ ಈ ಎರಡು ಜೀವಿಗಳ ಉಳಿವಿಗೆ ಧಕ್ಕೆ ಇಲ್ಲ, ಅಕಸ್ಮಾತ್ತಾಗಿ ಆಗುವ ಸಾವಿಗೆ ಇಷ್ಟು ಮಿತಿ ಅಂತ ಬರೆಯಿತು. ಅನುಮತಿಯೇ ಬಂದ ಮೇಲೆ ದಾವೆಗೆ ಅರ್ಥ ಉಳಿಯಲಿಲ್ಲ. ಡಿಸೆಂಬರ್‌ನಲ್ಲಿ ಕೋರ್ಟು ಅದನ್ನು ಮುಗಿಸಿತು.

ಯಾರು ಗೆದ್ದರು ಅಂತ ಕೇಳಿದರೆ ಗಾಲ್ಫ್ ಪರವಾದವರು ಅನ್ನುವುದು ಪತ್ರಿಕೆಗಳ ಉತ್ತರ. ನನಗೆ ಹಾಗನ್ನಿಸುವುದಿಲ್ಲ. ದಾವೆ ಇಲ್ಲದಿದ್ದರೆ ಆ ಷರತ್ತುಗಳು ಅಷ್ಟು ಬೇಗ ಕಾಗದಕ್ಕೆ ಬರುತ್ತಿರಲಿಲ್ಲ.

ಕೆಲಸದ ಪಟ್ಟಿ ಬದಲಾದದ್ದು

ಆ ಷರತ್ತುಗಳು ಓದಲು ಸಪ್ಪೆ. ಆದರೆ ಗಾಲ್ಫ್ ಮೈದಾನ ನಡೆಸುವ ಯಾರಾದರೂ ಓದಬೇಕಾದದ್ದು ಅವನ್ನೇ. ಮೊಟ್ಟೆಯ ಕಾಲದಲ್ಲಿ ನೀರಿನ ಮಟ್ಟ ತಟ್ಟನೆ ಇಳಿಯುವಂತಿಲ್ಲ. ಪಂಪು ಶುರುವಾಗುವ ಮಟ್ಟ ಮತ್ತು ನಿಲ್ಲುವ ಮಟ್ಟ ಎರಡನ್ನೂ ಕಪ್ಪೆಯನ್ನು ನೋಡಿಕೊಂಡು ಇಡಬೇಕು. ಮಳೆಯ ತಿಂಗಳುಗಳಲ್ಲಿ ಜೀವಶಾಸ್ತ್ರಜ್ಞರು ಅಂಚಿನಲ್ಲಿ ನಡೆದು ಮೊಟ್ಟೆಯ ಮುದ್ದೆಗಳನ್ನು ಹುಡುಕಿ ಗುರುತು ಮಾಡಬೇಕು. ಒಣಗುವ ಅಪಾಯ ಇದ್ದರೆ ಇಲಾಖೆಯ ಒಪ್ಪಿಗೆ ಪಡೆದು ಆಳದ ನೀರಿಗೆ ಸರಿಸಬೇಕು. ಕಡ್ಡಿಯನ್ನು ಕತ್ತರಿಸಿ ಮುದ್ದೆ ಸಮೇತ ಎತ್ತಿಕೊಂಡು ಹೋಗುವುದು ನಾಜೂಕಿನ ಕೆಲಸ. ಅಲುಗಾಡಿದರೆ ಲೋಳೆ ಹರಿದುಹೋಗುತ್ತದೆ.

ಹುಲ್ಲಿನ ಯಂತ್ರದ್ದೂ ಹಾಗೆಯೇ. ಹಿನ್ನೀರಿನ ಹತ್ತಿರದ ಜಾಗಗಳಲ್ಲಿ ಯಂತ್ರ ಹೋಗುವ ಮೊದಲು ತರಬೇತಿ ಪಡೆದ ಒಬ್ಬರು ನಡೆದು ನೋಡಬೇಕು. ಹಾವು, ಕಪ್ಪೆ ಕಂಡರೆ ಅದು ತಾನಾಗಿ ಹೋಗುವ ತನಕ ಕಾಯಬೇಕು. ನೀರಿನ ಅಂಚಿನ ಹುಲ್ಲನ್ನು ಕತ್ತರಿಸದೆ ಬಿಡಬೇಕು. ಗೋಫರ್ ಬಿಲ ಕಂಡ ಕೂಡಲೇ ಮುಚ್ಚುವ ಹಳೆಯ ಅಭ್ಯಾಸ ಬಿಡಬೇಕು. ಗಾಲ್ಫ್ ಗಾಡಿಗಳು ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು.

ಒಬ್ಬ ಕೆಲಸಗಾರನ ಕಡೆಯಿಂದ ಯೋಚಿಸಿ. ಮೊದಲು ಬೆಳಿಗ್ಗೆ ಬಂದು ಯಂತ್ರ ಹತ್ತಿ ಹೊರಟರೆ ಆಯಿತು. ಈಗ ಮುಂದೆ ಒಬ್ಬರು ನಡೆಯುತ್ತಾರೆ, ಹಿಂದೆ ಯಂತ್ರ ನಿಧಾನಕ್ಕೆ ಬರುತ್ತದೆ. ಕೆಲಸದ ಸಮಯ ಜಾಸ್ತಿ. ಅಂಚು ಒರಟಾಗಿ ಕಾಣುತ್ತದೆ, ಆಟಗಾರರು ಗೊಣಗುತ್ತಾರೆ. ಇಷ್ಟನ್ನೂ ವರ್ಷವರ್ಷ ತಪ್ಪದೆ ಮಾಡುವುದೇ ಜೀವಿಗಳನ್ನು ಉಳಿಸುವ ಕೆಲಸ. ಅದಕ್ಕೆ ಬಜೆಟ್ಟಿನಲ್ಲಿ ಬೇರೆ ಸಾಲು ಇರಬೇಕು. ಮೈದಾನದ ಮಾಮೂಲಿ ಖರ್ಚಿನಲ್ಲೇ ಹೊಂದಿಸಿಕೊಳ್ಳಿ ಅಂದರೆ ಕೈಬಿಡುವ ಮೊದಲ ಕೆಲಸವೇ ಇದು.

ನೀರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹುಲ್ಲಿಗೆ ಕುಡಿಯುವ ನೀರು ಹಾಯಿಸುವುದನ್ನು ಕಡಿಮೆ ಮಾಡಲು ಪೆಸಿಫಿಕಾದ ಕಲೇರಾ ಕ್ರೀಕ್ ಶುದ್ಧೀಕರಣ ಘಟಕದಿಂದ ಮರುಬಳಕೆಯ ನೀರು ತರುವ ಪೈಪು ಹಾಕಿದರು. ಕೀಟನಾಶಕ, ಕಳೆನಾಶಕದ ಬಳಕೆಗೆ ಸ್ಯಾನ್ ಫ್ರಾನ್ಸಿಸ್ಕೋ 1996ರಿಂದಲೇ ಕಟ್ಟುನಿಟ್ಟಿನ ಕಾನೂನು ಮಾಡಿಕೊಂಡಿದೆ, ನಗರದ ಎಲ್ಲ ಜಾಗಗಳಿಗೂ ಅದು ಅನ್ವಯ. ಒಳ್ಳೆಯ ಕೆಲಸಗಳೇ. ಆದರೆ ಬಹಳಷ್ಟು ಮೈದಾನಗಳು ಸುಸ್ಥಿರತೆ ಅಂದರೆ ಇಷ್ಟೇ ಅಂತ ಅಂದುಕೊಂಡಿವೆ. ಶಾರ್ಪ್ ಪಾರ್ಕ್‌ನಲ್ಲಿ ಮರುಬಳಕೆಯ ನೀರು ನೂರಕ್ಕೆ ನೂರು ಬಂದಿದ್ದರೂ ಪಂಪಿನ ಮಟ್ಟ ತಪ್ಪಿದರೆ ಮೊಟ್ಟೆ ಒಣಗುವುದು ತಪ್ಪುತ್ತಿರಲಿಲ್ಲ.

ಉಳಿದುಹೋದ ಕೆಲಸ

2016ರ ಡಿಸೆಂಬರ್‌ನಲ್ಲಿ ನಗರದ ಉದ್ಯಾನ ಆಯೋಗ ತನ್ನೆಲ್ಲ ನೈಸರ್ಗಿಕ ಜಾಗಗಳ ನಿರ್ವಹಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲಗೂನಾ ಸಲಾಡಾದ ಪುನಶ್ಚೇತನವೂ ಹದಿನೆಂಟು ಹೋಲು ಉಳಿಸುವುದೂ ಅದರಲ್ಲಿ ಒಟ್ಟಿಗೆ ಇವೆ. ಹೂಳು ತೆಗೆದು ಅದರಿಂದಲೇ ತಗ್ಗಿನ ಫೇರ್‌ವೇ ಎತ್ತರಿಸುವ ಆಲೋಚನೆಗೆ ಪರಿಸರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಕಪ್ಪೆಯ ಹೆಸರಿನಲ್ಲಿ ಗಾಲ್ಫ್‌ಗೆ ಮಣ್ಣು ಹೊರುತ್ತಿದ್ದೀರಿ ಅನ್ನುವುದು ಅವರ ಆಕ್ಷೇಪ.

ಗೋಡೆಯ ಪ್ರಶ್ನೆ ಹಾಗೆಯೇ ಇದೆ. ಪೆಸಿಫಿಕಾದ ಕಡಲ ದಂಡೆ ಎಷ್ಟು ವೇಗವಾಗಿ ಕುಸಿಯುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಅದೇ ಊರಿನಲ್ಲಿ ಬಂಡೆಯ ಅಂಚಿನ ಮನೆಗಳನ್ನೂ ಅಪಾರ್ಟ್‌ಮೆಂಟುಗಳನ್ನೂ ಬೀಳುವ ಮೊದಲೇ ಖಾಲಿ ಮಾಡಿಸಿ ಕೆಡವಬೇಕಾಯಿತು. ಗೋಡೆಯ ಹಿಂದೆ ಗಾಲ್ಫ್ ಮಾತ್ರ ಅಲ್ಲ, ಪಕ್ಕದ ಬಡಾವಣೆಯ ಮನೆಗಳೂ ಇವೆ. ಆ ಮನೆಯವರಿಗೆ ಗೋಡೆ ಅಂದರೆ ನಿದ್ದೆ. ಗೋಡೆ ಬಿಟ್ಟುಬಿಡಿ ಅನ್ನುವ ಮಾತನ್ನು ಅವರ ಎದುರು ಹೇಳಲು ಧೈರ್ಯ ಬೇಕು, ಮನೆಗಳಿಗೆ ಬೇರೆ ರಕ್ಷಣೆಯ ಯೋಜನೆಯೂ ಕೈಯಲ್ಲಿರಬೇಕು.

ನನ್ನ ಮಟ್ಟಿಗೆ ಒಂಬತ್ತು ಹೋಲಿನ ದಾರಿಯನ್ನು ನಗರ ತುಂಬಾ ಬೇಗ ಕೈಬಿಟ್ಟಿತು. ಗುಡ್ಡದ ಕಡೆಯ ಹೋಲುಗಳು ಎತ್ತರದಲ್ಲಿವೆ, ಅವಕ್ಕೆ ಕಡಲಿನ ಭಯ ಇಲ್ಲ. ಕಡಲ ಕಡೆಯ ತಗ್ಗಿನ ಹೋಲುಗಳಿಗೆ ಪಂಪು, ಗೋಡೆ, ಕಾವಲು ಎಲ್ಲವೂ ಬೇಕು. ಬರುವ ದಶಕಗಳಲ್ಲಿ ಈ ಖರ್ಚು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಆಡುವ ಜನರಿಗೆ ಆಟ ಉಳಿಸಬೇಕು ಅನ್ನುವುದೇ ಗುರಿಯಾದರೆ, ಉಳಿಯಬಲ್ಲ ಒಂಬತ್ತು ಹೋಲು ಮುಳುಗಬಹುದಾದ ಹದಿನೆಂಟಕ್ಕಿಂತ ಮೇಲಲ್ವಾ? ಮೆಕೆಂಜಿಯ ವಿನ್ಯಾಸ ಹೋಗುತ್ತದೆ ಅನ್ನುವ ನೋವು ನನಗೆ ಅರ್ಥವಾಗುತ್ತದೆ. ಆದರೆ ಅದರಲ್ಲಿ ಕಡಲಿಗೆ ತೀರಾ ಹತ್ತಿರವಿದ್ದ ಹೋಲುಗಳು 1941ರ ಹೊತ್ತಿಗೇ ಹೋಗಿದ್ದವು.

ಅದೇ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಸ್ಯಾನ್ ಜೆರೊನಿಮೊ ಮೈದಾನವನ್ನು ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಸಂಸ್ಥೆ ಕೊಂಡು, ಸಾಲ್ಮನ್ ಮೀನಿನ ತೊರೆಗಾಗಿ ಆಟವನ್ನೇ ನಿಲ್ಲಿಸುವ ಕಡೆ ಹೋಯಿತು. 2020ರಲ್ಲಿ ಅಲ್ಲಿನ ಮತದಾರರು ಗಾಲ್ಫ್ ಉಳಿಸುವ ಪ್ರಸ್ತಾಪವನ್ನು ತಳ್ಳಿಹಾಕಿದರು. ಅಲ್ಲಿಗೆ ಅದು ಸರಿ. ಶಾರ್ಪ್ ಪಾರ್ಕ್‌ಗೆ ಅದೇ ಮದ್ದು ಅಂತ ನಾನು ಹೇಳುವುದಿಲ್ಲ. ಅಲ್ಲಿ ಆಡುವವರು ಬೇರೆ, ನೀರಿನ ಸ್ವಭಾವವೂ ಬೇರೆ.

ನಮ್ಮಲ್ಲಿ ಓದುವವರಿಗೆ ಇದು ದೂರದ ಮಾತು ಅನ್ನಿಸಬಹುದು. ಬೆಂಗಳೂರಿನ ಚಲ್ಲಘಟ್ಟ ಕೆರೆಯ ಜಾಗದಲ್ಲಿ ಇವತ್ತು ಗಾಲ್ಫ್ ಮೈದಾನ ಇದೆ. ಕೆರೆಯ ಹೆಸರು ಬಹಳ ಜನಕ್ಕೆ ಗೊತ್ತೇ ಇಲ್ಲ. ಮಳೆನೀರು ಎಲ್ಲಿ ನಿಲ್ಲುತ್ತದೆ, ಅಂಚಿನ ಹುಲ್ಲನ್ನು ಯಾವ ತಿಂಗಳು ಕತ್ತರಿಸುತ್ತಾರೆ, ಅಲ್ಲಿ ಯಾವ ಕಪ್ಪೆ ಕೂಗುತ್ತದೆ ಅಂತ ಯಾರಾದರೂ ದಾಖಲೆ ಇಟ್ಟರೆ ಕೆಲಸ ಅಲ್ಲಿಂದ ಶುರುವಾಗಬಹುದು. ಶಾರ್ಪ್ ಪಾರ್ಕ್‌ನಲ್ಲಿ ವಾದ ಮಾಡಲು ಸಾಧ್ಯವಾದದ್ದೇ ಯಾರೋ ಮೊಟ್ಟೆಯ ಮುದ್ದೆ ಎಣಿಸಿದ್ದರಿಂದ.

ಶಾರ್ಪ್ ಪಾರ್ಕ್‌ನಲ್ಲಿ ಮುಂದಿನ ಹೆಜ್ಜೆ ಏನಿರಬೇಕು ಅನ್ನುವುದಕ್ಕೆ ಮಾದರಿ ಪಕ್ಕದಲ್ಲೇ ಇದೆ. ದಕ್ಷಿಣಕ್ಕೆ ತಾಗಿದ ಮೋರಿ ಪಾಯಿಂಟ್ ರಾಷ್ಟ್ರೀಯ ಉದ್ಯಾನ ಸೇವೆಯ ಕೈಯಲ್ಲಿದೆ. ಅವರು ಅಲ್ಲಿ ಕಪ್ಪೆಗಾಗಿ ಸಿಹಿನೀರಿನ ಕೊಳಗಳನ್ನು ತೋಡಿದರು. ಕಪ್ಪೆ ಬಂದರೆ ಹಾವಿಗೂ ಊಟ ಅನ್ನುವುದು ಲೆಕ್ಕ. ಆ ಕೊಳಗಳಿಗೆ ಗಾಲ್ಫ್ ಮೈದಾನದ ಪಂಪಿನ ಹಂಗಿಲ್ಲ. ಅಂಥ ಕೊಳಗಳನ್ನು ಮೈದಾನದ ಪೂರ್ವದ ಅಂಚಿನಲ್ಲಿ, ಗೋಡೆ ಇನ್ನೂ ನಿಂತಿರುವಾಗಲೇ ತೋಡಬೇಕು. ಹೊಸ ಕೊಳಕ್ಕೆ ಜೊಂಡು ಹಿಡಿಯಲು, ಕಪ್ಪೆ ಹುಡುಕಿಕೊಂಡು ಬರಲು, ಹಾವು ಅದರ ಹಿಂದೆ ಬರಲು ವರ್ಷಗಳು ಬೇಕು. ಕೆಲವು ಹೋಲು ಕಡಿಮೆಯಾದರೆ ಜಾಗ ಸಿಗುತ್ತದೆ. ನಗರ ಆ ಒಂಬತ್ತು ಹೋಲಿನ ಕಡತವನ್ನು ಮತ್ತೆ ತೆರೆದು, ಈ ಸಲ ಗೋಡೆಯ ಮುಂದಿನ ಐವತ್ತು ವರ್ಷದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು.